ಎತ್ತಿನ ಮಂಪರು, ಇಲಿಯ ನಿದ್ದೆ

ಬಾಗಲಕೋಟೆ ಜಿಲ್ಲೆಯ ಪಶು ಚಿಕಿತ್ಸಾಲಯಗಳಲ್ಲಿ, ಕೋಡಿನ ಕ್ಯಾನ್ಸರ್ ಆದ ಎತ್ತಿಗೆ ಶಸ್ತ್ರಚಿಕಿತ್ಸೆ ಮಾಡುವ ಮುನ್ನ ಕ್ಸೈಲಜಿನ್ ಎಂಬ ಚುಚ್ಚುಮದ್ದು ಕೊಡುವುದುಂಟು. ಸ್ವಲ್ಪ ಹೊತ್ತಿನಲ್ಲೇ ಎತ್ತು ತಲೆ ತಗ್ಗಿಸಿ, ಜೊಲ್ಲು ಸುರಿಸುತ್ತ ಮೆಲ್ಲಗೆ ನೆಲ ಹಿಡಿಯುತ್ತದೆ. "ನಿದ್ದಿ ಹತ್ತೈತೇನ್ರಿ ಡಾಕ್ಟರ್?" ಎಂದು ಹಗ್ಗ ಹಿಡಿದು ನಿಂತ ರೈತ ಕೇಳಿದರೆ, "ನಿದ್ದಿ ಅಲ್ಲ ಯಜಮಾನ್ರ, ಇದು ಮಂಪರು" ಎಂಬ ಉತ್ತರ ಬರುತ್ತದೆ. ಈ ಎರಡು ಪದಗಳ ನಡುವೆ ನಿಜವಾಗಿ ಎಷ್ಟು ಅಂತರವಿದೆ ಎಂಬ ಪ್ರಶ್ನೆ ಔಷಧ ವಿಜ್ಞಾನವನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಕಾಡಿದೆ, ಮತ್ತು ಅದಕ್ಕೆ ಸಿಕ್ಕಿರುವ ಉತ್ತರದ ಬಹುಪಾಲು ಬಂದದ್ದು ಪ್ರಯೋಗಾಲಯದ ಇಲಿಗಳಿಂದ.

ನಿದ್ದೆ ತರಿಸುವ ಮದ್ದಾಗಿ ಕ್ಲೋರಲ್ ಹೈಡ್ರೇಟ್ ಬಳಕೆಗೆ ಬಂದದ್ದು 1869ರಲ್ಲಿ. 20ನೆಯ ಶತಮಾನದ ಆರಂಭದಲ್ಲಿ ಎಮಿಲ್ ಫಿಶರ್ ಮತ್ತು ಯೋಸೆಫ್ ಫಾನ್ ಮೆರಿಂಗ್ ಅವರ ಬಾರ್ಬಿಟಾಲ್ ಬಂತು; 1912ರಲ್ಲಿ ಫಿನೊಬಾರ್ಬಿಟಾಲ್ ಮಾರುಕಟ್ಟೆ ಸೇರಿತು. ಇಂಥ ಮದ್ದುಗಳನ್ನು ಅಳೆಯುವ ವಿಧಾನ ಬಹಳ ಸರಳವಾಗಿತ್ತು. ಮದ್ದು ಕೊಟ್ಟ ಇಲಿಯನ್ನು ಅಂಗಾತ ಮಲಗಿಸಬೇಕು. ಅದು ಮಗುಚಿಕೊಂಡು ನಾಲ್ಕು ಕಾಲಿನ ಮೇಲೆ ನಿಲ್ಲದಿದ್ದರೆ ಮದ್ದು ಹತ್ತಿದೆ ಎಂದು ತಿಳಿಯಬೇಕು, ಮತ್ತೆ ಮಗುಚಿಕೊಳ್ಳುವವರೆಗಿನ ನಿಮಿಷಗಳನ್ನು "ನಿದ್ರಾಕಾಲ" ಎಂದು ಬರೆದುಕೊಳ್ಳಬೇಕು. ಇದನ್ನು ಇಂದಿನ ಬಿ.ಫಾರ್ಮ ವಿದ್ಯಾರ್ಥಿಗಳು ಜೀವಂತ ಪ್ರಾಣಿಯ ಬದಲು ಕಂಪ್ಯೂಟರ್ ಪರದೆಯ ಮೇಲೆ ಕಲಿಯುತ್ತಾರೆ, ಆದರೆ ಹೆಸರು ಮಾತ್ರ ಹಾಗೆಯೇ ಉಳಿದಿದೆ. ನನಗೆ ಈ ಹೆಸರಿನ ಬಗ್ಗೆಯೇ ತಕರಾರು: ಮಗುಚಲಾಗದ ಇಲಿ ನಿದ್ರಿಸುತ್ತಿದೆಯೋ ಪ್ರಜ್ಞೆ ತಪ್ಪಿದೆಯೋ ಎಂಬುದನ್ನು ಆ ಪರೀಕ್ಷೆ ಹೇಳುವುದೇ ಇಲ್ಲ.

ಅದನ್ನು ಹೇಳಲು ಮೆದುಳಿನ ವಿದ್ಯುತ್ ಅಲೆಗಳನ್ನು ನೋಡಬೇಕಾಯಿತು. ಹಾನ್ಸ್ ಬರ್ಗರ್ 1929ರಲ್ಲಿ ಮನುಷ್ಯನ ಇಇಜಿಯನ್ನು, ಅಂದರೆ ಆ ಅಲೆಗಳ ದಾಖಲೆಯನ್ನು, ಪ್ರಕಟಿಸಿದರು. 1953ರಲ್ಲಿ ಷಿಕಾಗೊದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಕಣ್ಣುಗುಡ್ಡೆಗಳು ಚುರುಕಾಗಿ ಹೊರಳಾಡುವ ರೆಮ್ ನಿದ್ದೆಯನ್ನು ಗುರುತಿಸಿದರು. ಆಮೇಲೆ ಇಲಿಯ ತಲೆಬುರುಡೆಗೆ ಪುಟ್ಟ ತಿರುಪುಗಳನ್ನೂ ಕತ್ತಿನ ಸ್ನಾಯುವಿಗೆ ತಂತಿಗಳನ್ನೂ ಜೋಡಿಸಿ, ಅದರ ಎಚ್ಚರ, ಆಳದ ನಿಧಾನ ಅಲೆಗಳ ನಿದ್ದೆ, ಕತ್ತು ಪೂರ್ತಿ ಸಡಿಲಗೊಳ್ಳುವ ರೆಮ್ ನಿದ್ದೆ ಈ ಮೂರನ್ನೂ ಬೇರ್ಪಡಿಸುವುದು ಸಾಧ್ಯವಾಯಿತು. ಇಲಿ ನಿಶಾಚರಿ. ಹಗಲಿನಲ್ಲಿ ಹೆಚ್ಚು ಮಲಗುತ್ತದೆ, ಅದೂ ತುಂಡು ತುಂಡಾಗಿ. ನಿದ್ದೆಯ ಒಂದು ಸುತ್ತು ಮುಗಿಯಲು ಮನುಷ್ಯನಿಗೆ ಸುಮಾರು 90 ನಿಮಿಷ ಬೇಕಾದರೆ ಇಲಿಗೆ ಹತ್ತು ನಿಮಿಷದ ಆಸುಪಾಸು ಸಾಕು. ಹೀಗಾಗಿ ಮದ್ದನ್ನು ಬೆಳಿಗ್ಗೆ ಕೊಟ್ಟರೆ ಹೇಗೂ ಮಲಗಲಿದ್ದ ಇಲಿಯಲ್ಲಿ ಅದರ ಪರಿಣಾಮ ಮರೆಯಾಗಿ ಹೋಗುತ್ತದೆ, ಅದೇ ಮದ್ದನ್ನು ದೀಪ ಆರುವ ಹೊತ್ತಿಗೆ ಕೊಟ್ಟರೆ ಎದ್ದು ಕಾಣುತ್ತದೆ.

ಅಲೆಗಳ ದಾಖಲೆ ನೋಡಿದಾಗ ಮದ್ದಿನ ನಿದ್ದೆಯ ಕೊರತೆಗಳು ಹೊರಬಿದ್ದವು. ಬಾರ್ಬಿಟ್ಯುರೇಟ್‌ಗಳು ರೆಮ್ ನಿದ್ದೆಯನ್ನು ಕಡಿಮೆ ಮಾಡುತ್ತಿದ್ದವು. 1960ರ ದಶಕದಲ್ಲಿ ಬಂದ ಡಯಾಜೆಪಾಮ್ ಮತ್ತು ಅದರ ಬಳಗದ ಮದ್ದುಗಳು ಬೇಗ ನಿದ್ದೆ ಹತ್ತಿಸಿದರೂ, ಆಳದ ನಿಧಾನ ಅಲೆಗಳನ್ನು ತೆಳುವಾಗಿಸಿ ಅವುಗಳ ಜಾಗದಲ್ಲಿ ವೇಗದ ಅಲೆಗಳನ್ನು ಹೆಚ್ಚಿಸುತ್ತಿದ್ದವು. ನಮ್ಮ ಕಡೆ "ನಿದ್ದಿ ಗುಳಿಗಿ" ಎಂದು ಕರೆಯುವ ಆಲ್‌ಪ್ರಜೋಲಾಮ್ ಇದೇ ಬಳಗದ್ದು. 2014ರ ಮಾರ್ಚ್‌ನಿಂದ ಇದು ಔಷಧ ನಿಯಮಗಳ ಎಚ್1 ಪಟ್ಟಿಯಲ್ಲಿರುವುದರಿಂದ ಅಂಗಡಿಯವರು ಮಾರಾಟವನ್ನು ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆಯಲೇಬೇಕು.

ಮದ್ದು ಮೆದುಳಿನಲ್ಲಿ ಎಲ್ಲಿ ಕೆಲಸ ಮಾಡುತ್ತದೆ ಎಂಬ ಹುಡುಕಾಟದ ಬೇರು ಒಂದು ಸಾಂಕ್ರಾಮಿಕದಲ್ಲಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ವಿಯೆನ್ನಾದ ಫಾನ್ ಇಕಾನಮೊ ಮೆದುಳಿನ ಉರಿಯೂತದ ರೋಗಿಗಳನ್ನು ಪರೀಕ್ಷಿಸಿ, ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಭಾಗದ ಹಿಂಬದಿ ಕೆಟ್ಟವರು ಸದಾ ಮಲಗುತ್ತಾರೆ, ಮುಂಭಾಗ ಕೆಟ್ಟವರಿಗೆ ನಿದ್ದೆಯೇ ಬರುವುದಿಲ್ಲ ಎಂದು ಕಂಡುಕೊಂಡಿದ್ದರು. 1946ರಲ್ಲಿ ವಾಲಿ ನಾಟಾ ಇಲಿಗಳ ಹೈಪೊಥಲಾಮಸ್‌ನಲ್ಲಿ ಕೊಯ್ತ ಮಾಡಿ ಅದನ್ನೇ ತೋರಿಸಿದರು. 1996ರಲ್ಲಿ ಕ್ಲಿಫರ್ಡ್ ಸೇಪರ್ ಅವರ ತಂಡ, ಇಲಿ ನಿದ್ರಿಸುವಾಗ ಚುರುಕಾಗಿ ಎಚ್ಚರದ ಕೇಂದ್ರಗಳನ್ನು ಅದುಮುವ ಪುಟ್ಟ ನರಕೋಶಗುಚ್ಛವನ್ನು ಆ ಮುಂಭಾಗದಲ್ಲೇ ಪತ್ತೆ ಮಾಡಿತು.

ಇಲ್ಲಿಗೆ ಮದ್ದಿನ ದಾರಿಯೂ ನಿದ್ದೆಯ ದಾರಿಯೂ ಕೂಡಿದವು. ಲಂಡನ್ನಿನ ನಿಕ್ ಫ್ರಾಂಕ್ಸ್, ಮರ್ವಿನ್ ಮೇಜ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪ್ರೊಪೊಫಾಲ್ ಮತ್ತು ಪೆಂಟೊಬಾರ್ಬಿಟಾಲ್ ಎಂಬ ಅರಿವಳಿಕೆ ಮದ್ದುಗಳನ್ನು ಕೊಟ್ಟ ಇಲಿಗಳಲ್ಲಿ ಈ ನಿದ್ದೆಯ ಗುಚ್ಛ ಚುರುಕಾಗಿ, ಹಿಸ್ಟಮಿನ್ ಸೂಸುವ ಎಚ್ಚರದ ಗುಚ್ಛ ಸುಮ್ಮನಾಗಿತ್ತು. ಆ ಎಚ್ಚರದ ಗುಚ್ಛಕ್ಕೆ ನರಕೋಶಗಳನ್ನು ಸುಮ್ಮನಾಗಿಸುವ ಗಾಬಾ ಎಂಬ ರಾಸಾಯನಿಕದ ಕೆಲಸ ತಡೆಯುವ ವಸ್ತುವನ್ನು ನೇರವಾಗಿ ಬಿಟ್ಟಾಗ ಮಂಪರು ಕಡಿಮೆಯಾಯಿತು. ಮರುವರ್ಷ ಅದೇ ತಂಡ, ಕ್ಸೈಲಜಿನ್ ಜಾತಿಯದೇ ಆದ ಡೆಕ್ಸ್‌ಮೆಡಿಟೊಮಿಡಿನ್ ಮೆದುಳಕಾಂಡದ ಲೋಕಸ್ ಸೆರುಲಿಯಸ್ ಎಂಬ ಕೇಂದ್ರವನ್ನು ಅದುಮಿ ಅದೇ ನಿದ್ದೆಯ ಹಾದಿಯನ್ನು ಹಿಡಿಯುತ್ತದೆ ಎಂದು ತೋರಿಸಿತು. 2004ರಲ್ಲಿ ಅವೆರಿ ಟಂಗ್ ಮತ್ತು ಸಂಗಡಿಗರು ನಿದ್ದೆಗೆಡಿಸಿದ ಇಲಿಗಳನ್ನು ಪ್ರೊಪೊಫಾಲ್ ಮಂಪರಿನಲ್ಲಿಟ್ಟು ನೋಡಿದಾಗ, ಸಹಜವಾಗಿ ಮಲಗಿ ಎದ್ದ ಇಲಿಗಳಂತೆಯೇ ಅವೂ ನಿದ್ದೆಯ ಬಾಕಿ ತೀರಿಸಿಕೊಂಡಿದ್ದವು. ಈ ಫಲಿತಾಂಶವನ್ನು ಓದಿದಾಗ ನಾನು ಎರಡು ಬಾರಿ ನೋಡಿದೆ. ಮಂಪರು ವಿಶ್ರಾಂತಿಯಲ್ಲ ಎಂದೇ ನಾನು ನಂಬಿದ್ದೆ.

ಆದರೆ ಲೆಕ್ಕ ಅಲ್ಲಿಗೇ ಮುಗಿಯಲಿಲ್ಲ. 2012ರಲ್ಲಿ ಫ್ರಾಂಕ್ಸ್ ಅವರೂ ಇದ್ದ ತಂಡವೇ, ಹಿಸ್ಟಮಿನ್ ನರಕೋಶಗಳ ಮೇಲಿನ ಗಾಬಾ ಹಿಡಿತವನ್ನು ತಳಿಮಾರ್ಪಾಡಿನಿಂದ ತೆಗೆದ ಸುಂಡಿಲಿಗಳೂ ಪ್ರೊಪೊಫಾಲ್‌ಗೆ ಎಂದಿನಂತೆಯೇ ಪ್ರಜ್ಞೆ ತಪ್ಪುತ್ತವೆ ಎಂದು ವರದಿ ಮಾಡಿತು. ಅಂದರೆ ಮದ್ದಿಗೆ ಒಳಹೋಗಲು ಇರುವುದು ಅದೊಂದೇ ಬಾಗಿಲಲ್ಲ.

ತೀವ್ರ ನಿಗಾ ಘಟಕಗಳಲ್ಲಿ ಬಳಕೆಯಲ್ಲಿರುವ ಡೆಕ್ಸ್‌ಮೆಡಿಟೊಮಿಡಿನ್ ಸಹಜ ನಿದ್ದೆಗೆ ಬಹಳ ಹತ್ತಿರ ಬಂದರೂ, ರೆಮ್ ನಿದ್ದೆಯನ್ನು ಅದೂ ತಗ್ಗಿಸುತ್ತದೆ. ಆದರೆ ಕರೆದರೆ ರೋಗಿ ಕಣ್ಣು ತೆರೆಯುತ್ತಾನೆ. ಎತ್ತಿನ ಕಥೆಯೂ ಹಾಗೆಯೇ. ಜೋರು ಸದ್ದಾದರೆ ಮಂಪರಿನಲ್ಲಿದ್ದ ಎತ್ತು ಒಮ್ಮೆಲೇ ತಲೆ ಎತ್ತಬಹುದು. ಅದಕ್ಕೇ ಕೋಡಿಗೆ ಗರಗಸ ಇಡುವ ಮುನ್ನ ಅಲ್ಲಿನ ನರಕ್ಕೆ ಮರಗಟ್ಟಿಸುವ ಚುಚ್ಚುಮದ್ದನ್ನು ಬೇರೆಯಾಗಿಯೇ ಕೊಡುತ್ತಾರೆ, ಸುತ್ತ ನೆರೆದವರಿಗೆ ಸುಮ್ಮನಿರಲು ಹೇಳುತ್ತಾರೆ.