ಎಸ್ಕೇಪ್ ಮಾಡಿದರೆ ಸಾಕಾ? ಒಂದು ಸಿಂಗಲ್ ಕೋಟ್‌ನ ಹಿಂದಿನ ಕತೆ

ಹುಬ್ಬಳ್ಳಿ-ಧಾರವಾಡದಲ್ಲಿ ಅಂಗಡಿ, ಶಾಲೆ, ಸೊಸೈಟಿಗಳಿಗೆ ಸಾಫ್ಟ್‌ವೇರ್ ಬರೆಯುವ ಸಣ್ಣ ಆಫೀಸುಗಳಲ್ಲಿ ಒಂದು ವಾದ ಮುಗಿಯುವುದೇ ಇಲ್ಲ. ಫಾರ್ಮ್‌ನಿಂದ ಬಂದ ಪಠ್ಯವನ್ನು ಎಸ್ಕೇಪ್ ಮಾಡಿ (ಅಂದರೆ ಕೋಟ್‌ನಂಥ ಚಿಹ್ನೆಗಳ ಮುಂದೆ \ ಎಂಬ ಬ್ಯಾಕ್‌ಸ್ಲ್ಯಾಶ್ ಹಾಕಿ) ಡೇಟಾಬೇಸ್‌ಗೆ ಕೊಡುವ ಆಜ್ಞೆಗೆ, ಅಂದರೆ ಕ್ವೆರಿಗೆ, ಸೇರಿಸಿದರೆ ಸಾಕಾ, ಇಲ್ಲ ಆಜ್ಞೆ, ಪಠ್ಯ ಎರಡನ್ನೂ ಬೇರೆ ಬೇರೆ ಕಳಿಸುವ ಪ್ರಿಪೇರ್ಡ್ ಸ್ಟೇಟ್‌ಮೆಂಟೇ ಬೇಕಾ? ಯಾರು ಯಾವ ವರ್ಷ ಕೋಡಿಂಗ್ ಕಲಿತರು ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ.

ಡೇಟಾಬೇಸ್‌ಗೆ ಆಜ್ಞೆ ಕೊಡುವ ಭಾಷೆ ಎಸ್‌ಕ್ಯೂಎಲ್ ಹುಟ್ಟಿದ್ದು 1970ರ ದಶಕದಲ್ಲಿ. ಅದರಲ್ಲಿ ಪಠ್ಯವನ್ನು ಸಿಂಗಲ್ ಕೋಟ್‌ಗಳ ನಡುವೆ ಇಡಬೇಕು. ಡಿ'ಸೋಜಾ ಎಂದು ಟೈಪ್ ಮಾಡಿದರೆ ಪಠ್ಯ 'ಡಿ'ಗೇ ಮುಗಿಯಿತು, ಮುಂದಿನದ್ದು ಆಜ್ಞೆ ಎಂದು ಡೇಟಾಬೇಸ್ ಓದುತ್ತದೆ. ಡಿಸೋಜಾ ಅವರಿಗೆ ಬರುವುದು ಬರೀ ಎರರ್. ಬೇಕಂತಲೇ ಬರೆದವನಿಗೆ ಪೂರ್ತಿ ಟೇಬಲ್ ಸಿಗಬಹುದು. 1998ರಲ್ಲಿ 'ಫ್ರ್ಯಾಕ್' ಎಂಬ ಹ್ಯಾಕರ್‌ಗಳ ಪತ್ರಿಕೆ ಇದನ್ನು ಬಿಡಿಸಿ ಬರೆದಿತ್ತು.

ವೆಬ್‌ಸೈಟ್ ಬರೆಯಲು ಬಳಸುವ ಭಾಷೆ ಪಿಎಚ್‌ಪಿ. ಆಗಿನ ಪಿಎಚ್‌ಪಿಯಲ್ಲಿ ಮ್ಯಾಜಿಕ್ ಕೋಟ್ಸ್ ಎಂಬ ಸೌಲಭ್ಯ ತಾನಾಗಿಯೇ ಆನ್ ಇರುತ್ತಿತ್ತು. ಫಾರ್ಮ್‌ನಿಂದ ಬಂದ ಪ್ರತಿ ಕೋಟ್‌ಗೂ ಅದು ಸುಮ್ನೆ ಒಂದು ಬ್ಯಾಕ್‌ಸ್ಲ್ಯಾಶ್ ಅಂಟಿಸುತ್ತಿತ್ತು. ಉದ್ದೇಶ ಒಳ್ಳೆಯದೇ. ಆದರೆ ಪ್ರೋಗ್ರಾಮರ್ ಕೂಡ ಅದೇ ಕೆಲಸ ಮಾಡುವ ಆಡ್‌ಸ್ಲ್ಯಾಶಸ್ ಫಂಕ್ಷನ್ ಹಾಕಿದರೆ ಎರಡು ಸಲ ಎಸ್ಕೇಪ್ ಆಗಿ, ರಸೀದಿಯಲ್ಲಿ ಡಿ\'ಸೋಜಾ ಎಂದೇ ಪ್ರಿಂಟ್ ಆಗುತ್ತಿತ್ತು. ತಿದ್ದಿ ಸೇವ್ ಮಾಡಿದಷ್ಟೂ ಬ್ಯಾಕ್‌ಸ್ಲ್ಯಾಶ್‌ಗಳು ಜಾಸ್ತಿ. ಇನ್ನೊಂದು ಸರ್ವರ್‌ನಲ್ಲಿ ಮ್ಯಾಜಿಕ್ ಕೋಟ್ಸ್ ಆಫ್ ಇದ್ದರೆ ರಕ್ಷಣೆಯೇ ಇಲ್ಲ. 2009ರಲ್ಲಿ ಅದನ್ನು ಬಳಸಬೇಡಿ ಎಂದರು, 2012ರಲ್ಲಿ ಪಿಎಚ್‌ಪಿ 5.4 ತೆಗೆದೇ ಹಾಕಿತು. ಅದನ್ನೇ ನಂಬಿದ್ದ ಹಳೆ ಕೋಡ್ ಯಾವ ಎರರ್ ಕೊಡದೆ ಓಡುತ್ತಲೇ ಇತ್ತು. ಭಯ ಹುಟ್ಟಿಸುವುದು ಇದೇ ಅಲ್ವಾ?

ಆಡ್‌ಸ್ಲ್ಯಾಶಸ್‌ಗೆ ಇನ್ನೊಂದು ತೊಂದರೆ. ಚೀನೀ ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಜಿಬಿಕೆ ಎಂಬ ಎನ್‌ಕೋಡಿಂಗ್‌ನಲ್ಲಿ ಬ್ಯಾಕ್‌ಸ್ಲ್ಯಾಶ್‌ನ ಬೈಟ್ ಒಂದು ಅಕ್ಷರದ ಎರಡನೇ ಅರ್ಧವೂ ಆಗಬಹುದು. ಆಗ ಸ್ಲ್ಯಾಶ್ ಅಕ್ಷರದೊಳಗೆ ಸೇರಿಹೋಗಿ ಕೋಟ್ ಹೊರಗೆ ಉಳಿಯುತ್ತದೆ. ಯುಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲಿ ಬರೆದ ಕನ್ನಡಕ್ಕೆ ಈ ಕಾಟವಿಲ್ಲ. ಆದರೆ ಗ್ರಾಹಕ ಸಂಖ್ಯೆಯ ಜಾಗದಲ್ಲಿ '5 ಆರ್ 1=1' ಅಂತ ಇಂಗ್ಲಿಷಿನಲ್ಲಿ ಬರೆದರೆ? 'ಆರ್' ಅಂದರೆ 'ಅಥವಾ', 1=1 ಯಾವಾಗಲೂ ನಿಜ, ಹಾಗಾಗಿ ಎಲ್ಲರ ದಾಖಲೆಯೂ ಬಂದುಬಿಡುತ್ತದೆ. ಅಲ್ಲಿ ಕೋಟೇ ಇಲ್ಲ, ಎಸ್ಕೇಪ್ ಮಾಡುವುದಾದರೂ ಏನನ್ನು!

ಪ್ರಿಪೇರ್ಡ್ ಸ್ಟೇಟ್‌ಮೆಂಟ್ ತುಂಬಬೇಕಾದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟ ಕ್ವೆರಿಯನ್ನು ಮೊದಲು ಕಳಿಸುತ್ತದೆ, ಅಲ್ಲಿ ತುಂಬುವ ಪಠ್ಯ, ಸಂಖ್ಯೆಗಳನ್ನು ಆಮೇಲೆ. ಬ್ಯಾಂಕ್ ಚಲನ್‌ನಲ್ಲಿ ಹೆಸರಿನ ಜಾಗದಲ್ಲಿ ಏನೇ ಬರೆದರೂ ಅದು ಹೆಸರೇ, ಹಾಗೆ. ಡೇಟಾಬೇಸ್ ಸಾಫ್ಟ್‌ವೇರ್ ಮೈಎಸ್‌ಕ್ಯೂಎಲ್ 4.1 ಇದನ್ನು 2004ರಲ್ಲೇ ಕೊಟ್ಟಿತ್ತು, ಪಿಎಚ್‌ಪಿಯನ್ನು ಡೇಟಾಬೇಸ್‌ಗೆ ಜೋಡಿಸುವ ಪಿಡಿಒ 2005ರಲ್ಲಿ ಪಿಎಚ್‌ಪಿ ಜೊತೆಗೇ ಬಂತು. ಆದರೂ ನೋಟ್ಸ್‌ಗಳಲ್ಲಿ, ಕೈಯಿಂದ ಕೈಗೆ ಬಂದ ಕೋಡ್‌ಗಳಲ್ಲಿ ಹಳೆ ದಾರಿಯೇ ಉಳಿಯಿತು. 2015ರಲ್ಲಿ ಪಿಎಚ್‌ಪಿ 7 ಹಳೆ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನೇ ಕಿತ್ತುಹಾಕಿದ ಮೇಲೆ ಹಲವರು ಬದಲಾಯಿಸಬೇಕಾಯಿತು.

ಈಗ ಉಳಿದಿರುವ ಸಂದಿ ರಿಪೋರ್ಟ್ ಪುಟಗಳದ್ದು. ಯಾವ ಕಾಲಮ್ ಪ್ರಕಾರ ಜೋಡಿಸಬೇಕು ಎಂಬ ಹೆಸರನ್ನು ಪ್ರಶ್ನಾರ್ಥಕ ಚಿಹ್ನೆಯ ಜಾಗದಲ್ಲಿ ಕೊಡಲು ಬರುವುದಿಲ್ಲ. ಅಲ್ಲಿ ಒಪ್ಪಿಗೆಯಿರುವ ಹೆಸರುಗಳ ಪಟ್ಟಿ ಇಟ್ಟು, ಪಟ್ಟಿಯಲ್ಲಿಲ್ಲದ್ದನ್ನು ಒಳಗೆ ಬಿಡಬಾರದು.