ನಟಿ ಹೇಳಿದ ‘ಪರಿಸರಸ್ನೇಹಿ ಒಡವೆ’ಯನ್ನು ನಂಬಿ ಕೊಳ್ಳಬಹುದಾ?

ಪ್ರಶ್ನೆ: ಮಗಳ ಮದುವೆಗೆ ಒಡವೆ ನೋಡುತ್ತಿದ್ದೇವೆ. ಅವಳು ಲ್ಯಾಬ್‌ನಲ್ಲಿ ಬೆಳೆಸಿದ ವಜ್ರವೇ ಬೇಕು ಅಂತಾಳೆ. ಹಾಲಿವುಡ್ ನಟಿ ಪಮೇಲಾ ಆಂಡರ್ಸನ್ ಅಂಥ ಒಡವೆ ಹಾಕಿಕೊಂಡ ಜಾಹೀರಾತು ತೋರಿಸಿ, ‘ಆಕೆ ನಂಬಿದ್ದನ್ನೇ ಬದುಕುವವಳು, ಸುಮ್ನೆ ಹೇಳಲ್ಲ’ ಅಂತಾಳೆ. ಅಷ್ಟು ನಂಬಿದರೆ ಸಾಕಾ?

ಉತ್ತರ: ನಟಿಯನ್ನು ನಂಬಿ, ಅದರಲ್ಲಿ ತಪ್ಪಿಲ್ಲ. ಒಡವೆಯನ್ನು ಮಾತ್ರ ಬೇರೆಯಾಗಿ ಒರೆಗೆ ಹಚ್ಚಬೇಕು.

ನಿಮ್ಮ ಮಗಳು ಹೇಳುವುದರಲ್ಲಿ ಹುರುಳಿದೆ. ಪಮೇಲಾ ಆಂಡರ್ಸನ್ ಮಾಂಸ, ಹಾಲು ಯಾವುದನ್ನೂ ಮುಟ್ಟದವರು. ಪ್ರಾಣಿಗಳ ತುಪ್ಪಳದ ಕೋಟುಗಳ ವಿರುದ್ಧ ಪೇಟಾ ಸಂಸ್ಥೆಯ ಜೊತೆ ದಶಕಗಳಿಂದ ನಿಂತವರು. 2023ರಲ್ಲಿ ಪ್ಯಾರಿಸ್‌ನ ಫ್ಯಾಷನ್ ಮೇಳಕ್ಕೆ ಮುಖಕ್ಕೆ ಒಂದಿಷ್ಟೂ ಮೇಕಪ್ ಹಚ್ಚದೆ ಬಂದರು. ಅದೇ ವರ್ಷದ ಆಗಸ್ಟ್‌ನಲ್ಲಿ ಡೆನ್ಮಾರ್ಕ್‌ನ ಪಂಡೋರಾ ಕಂಪನಿಯ ಲ್ಯಾಬ್ ವಜ್ರದ ಪ್ರಚಾರದಲ್ಲಿ ಕಾಣಿಸಿಕೊಂಡರು. ಆಡುವ ಮಾತಿಗೂ ಬದುಕಿಗೂ ನಂಟಿರುವ ಇಂಥವರು ಜಾಹೀರಾತು ಲೋಕದಲ್ಲಿ ಕಮ್ಮಿ. ಆ ಮಟ್ಟಿಗೆ ನನಗೂ ಅವರ ಮೇಲೆ ಗೌರವವಿದೆ.

ಆದರೆ ಒಬ್ಬರ ನಂಬಿಕೆ ಉಂಗುರದೊಳಗೆ ಇಳಿದು ಬರುವುದಿಲ್ಲ ಅಲ್ವಾ? ಉಂಗುರದಲ್ಲಿ ಇರುವುದು ಲೋಹ, ಹರಳು, ಅದನ್ನು ಮಾಡಲು ಉರಿಸಿದ ಕರೆಂಟು. ಅದನ್ನೇ ನೋಡೋಣ.

2021ರ ಮೇ ತಿಂಗಳಲ್ಲಿ ಪಂಡೋರಾ ‘ಇನ್ನು ಗಣಿಯಿಂದ ತೆಗೆದ ವಜ್ರ ಬಳಸುವುದಿಲ್ಲ’ ಎಂದು ಸಾರಿತು. ಜಗತ್ತಿನ ಪತ್ರಿಕೆಗಳಲ್ಲೆಲ್ಲ ದೊಡ್ಡ ಸುದ್ದಿ. ಆದರೆ ಅದರ ಹಿಂದಿನ ವರ್ಷ ಆ ಕಂಪನಿ ಮಾಡಿದ್ದು ಸುಮಾರು 8.5 ಕೋಟಿ ಒಡವೆ. ಅದರಲ್ಲಿ ವಜ್ರ ಇದ್ದದ್ದು ಸುಮಾರು 50 ಸಾವಿರದಲ್ಲಿ. ಲೆಕ್ಕ ಹಾಕಿ ನೋಡಿ, 1,700 ಒಡವೆಗೆ ಒಂದು! ಅಂದರೆ ವಜ್ರ ಬಿಡುವುದು ಅವರಿಗೆ ಕಷ್ಟದ ಕೆಲಸವೇ ಆಗಿರಲಿಲ್ಲ. ಅವರ ವ್ಯಾಪಾರ ನಿಂತಿರುವುದು ಬೆಳ್ಳಿಯ ಮೇಲೆ. ಹಾಗಾಗಿ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಇನ್ನೊಂದು ಹೆಜ್ಜೆ. ಒಡವೆಗೆ ಮರುಬಳಕೆಯ ಬೆಳ್ಳಿ, ಬಂಗಾರ ಮಾತ್ರ ಕೊಳ್ಳುತ್ತೇವೆ ಎಂದು 2024ರ ಆರಂಭದಲ್ಲಿ ಕಂಪನಿ ಹೇಳಿತು. ಇದು ಪ್ರತಿ ಒಡವೆಗೂ ತಟ್ಟುವ ಬದಲಾವಣೆ. ಆದರೂ ಜನರ ನೆನಪಲ್ಲಿ ಉಳಿದದ್ದು ನಟಿಯ ಮುಖ ಮತ್ತು ವಜ್ರ.

ಇನ್ನು ಲ್ಯಾಬ್ ವಜ್ರ. ಇದು ನಕಲಿ ಅಲ್ಲ. ನಮ್ಮ ಅಂಗಡಿಗಳಲ್ಲಿ ‘ಅಮೆರಿಕನ್ ಡೈಮಂಡ್’ ಅಂತ ಮಾರುವ ಹರಳು ಬೇರೆ, ಇದು ಬೇರೆ. ಇದು ಗಣಿಯ ವಜ್ರದ ಹಾಗೇ ಇಂಗಾಲ, ಅಷ್ಟೇ ಗಟ್ಟಿ. ವಜ್ರದ ತೆಳುವಾದ ಬಿಲ್ಲೆಯೊಂದನ್ನು ಬೀಜದಂತೆ ಮುಚ್ಚಿದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಮೀಥೇನ್, ಹೈಡ್ರೋಜನ್ ಅನಿಲ ಬಿಟ್ಟು ವಿಪರೀತ ಕಾಯಿಸುತ್ತಾರೆ. ಮೀಥೇನ್ ಒಡೆದು ಅದರ ಇಂಗಾಲ ಬಿಲ್ಲೆಯ ಮೇಲೆ ಪದರ ಪದರವಾಗಿ ಕೂರುತ್ತದೆ. ವಾರಗಟ್ಟಲೆ ಯಂತ್ರ ಆಫ್ ಮಾಡುವ ಹಾಗಿಲ್ಲ. ಈ ವಿಧಾನಕ್ಕೆ ಸಿವಿಡಿ ಅನ್ನುತ್ತಾರೆ. ಭೂಮಿಯೊಳಗಿನ ಹಾಗೆ ಭಾರೀ ಒತ್ತಡ, ಶಾಖ ಕೊಟ್ಟು ಮಾಡುವ ಇನ್ನೊಂದು ವಿಧಾನ ಎಚ್‌ಪಿಎಚ್‌ಟಿ.

ಎರಡಕ್ಕೂ ಕರೆಂಟು ಜಾಸ್ತಿ ಬೇಕು. ಇಡೀ ಪ್ರಶ್ನೆಯ ಕೀಲಿ ಇರುವುದೇ ಇಲ್ಲಿ. ಪಂಡೋರಾ ತನ್ನ ವಜ್ರ ಬೆಳೆಸಲು ನವೀಕರಿಸಬಹುದಾದ ವಿದ್ಯುತ್ ಮಾತ್ರ ಬಳಸುತ್ತೇವೆ ಅನ್ನುತ್ತದೆ. ಆದರೆ ನಿಮ್ಮ ಊರಿನ ಅಂಗಡಿಯ ವಜ್ರ ಪಂಡೋರಾದ್ದಲ್ಲ, ಸೂರತ್ ಕಡೆಯಿಂದ ಬಂದಿರುವ ಸಾಧ್ಯತೆಯೇ ಹೆಚ್ಚು. ನಮ್ಮ ದೇಶದ ವಿದ್ಯುತ್ತಿನಲ್ಲಿ ಸುಮಾರು ಮುಕ್ಕಾಲು ಪಾಲು ಕಲ್ಲಿದ್ದಲಿನದು. ಸ್ವಂತ ಸೋಲಾರ್ ಇಟ್ಟುಕೊಂಡ ಕಾರ್ಖಾನೆಯ ವಜ್ರಕ್ಕೂ ಕಲ್ಲಿದ್ದಲಿನ ಕರೆಂಟಲ್ಲಿ ಬೆಳೆದ ವಜ್ರಕ್ಕೂ ಕಣ್ಣಿಗೆ ಒಂದಿಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಜೊತೆಗೆ ಕೊಡುವ ಸರ್ಟಿಫಿಕೇಟ್ ನೋಡಿ. ಲ್ಯಾಬ್‌ನಲ್ಲಿ ಬೆಳೆದದ್ದು, ಸಿವಿಡಿ ವಿಧಾನ, ಇಷ್ಟು ಕ್ಯಾರೆಟ್ ಅಂತ ಇರುತ್ತದೆ. ಯಾವ ಕರೆಂಟು ಅಂತ ಇರುವುದಿಲ್ಲ.

ಒಡವೆಗೂ ಕರೆಂಟಿಗೂ ನಂಟು ನಮ್ಮಲ್ಲಿ ಹಳೆಯದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಮೊದಲು ಹರಿದದ್ದು ಬೆಂಗಳೂರಿನ ಬೀದಿಗಲ್ಲ, ಕೋಲಾರದ ಚಿನ್ನದ ಗಣಿಗೆ. ಆ ಗಣಿಯಲ್ಲಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು ಬಂಗಾರ ತೆಗೆದರು. 2001ರಲ್ಲಿ ಗಣಿ ಮುಚ್ಚಿತು. ಉಳಿದದ್ದು ಸಯನೈಡ್ ದಿಬ್ಬಗಳು. ಅದಿರನ್ನು ಪುಡಿಮಾಡಿ, ಸಯನೈಡ್‌ನಿಂದ ಬಂಗಾರ ಹೀರಿ ತೆಗೆದ ಮೇಲೆ ಸುರಿದ ಮಣ್ಣಿನ ರಾಶಿ ಅದು. ಗಾಳಿಕಾಲದಲ್ಲಿ ಅದರ ಬಿಳಿ ಧೂಳು ಎದ್ದು ಊರಿನ ಮನೆಗಳ ಮೇಲೆ ಕೂರುತ್ತದೆ. ಒಂದು ಟನ್ ಅದಿರು ಅರೆದರೆ ಸಿಗುವುದು ಕೆಲವೇ ಗ್ರಾಂ ಬಂಗಾರ. ಹಾಗಾಗಿ ವಜ್ರ ಲ್ಯಾಬಿನದು ಅಂತ ಸಮಾಧಾನಪಟ್ಟು, ಅದನ್ನು ಕೂರಿಸಿದ ಬಂಗಾರ ಎಲ್ಲಿಯದು ಅಂತ ಕೇಳದೇ ಇದ್ದರೆ ಅರ್ಧ ಪ್ರಶ್ನೆ ಉಳಿದೇ ಹೋಯಿತು. ಈಗ ಕಡ್ಡಾಯವಾಗಿರುವ ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಸಂಖ್ಯೆ ಕೂಡ ಶುದ್ಧತೆಯ ಗುರುತೇ ಹೊರತು, ಬಂಗಾರ ಯಾವ ನೆಲದ್ದು ಅಂತ ಹೇಳುವುದಿಲ್ಲ.

ಗಣಿ ಅಂದರೆ ಎಲ್ಲವೂ ಕೆಟ್ಟದ್ದು ಅಂತಲೂ ತಿಳಿಯಬೇಡಿ. ಆಫ್ರಿಕಾದ ಬೋಟ್ಸ್‌ವಾನಾ ತನ್ನ ಶಾಲೆ, ರಸ್ತೆ ಕಟ್ಟಿಕೊಂಡಿದ್ದು ಬಹುಪಾಲು ವಜ್ರದ ಹಣದಿಂದ.

ಮೌಲ್ಯ ಅನ್ನುವುದೂ ಒಬ್ಬೊಬ್ಬರಿಗೆ ಒಂದೊಂದು. ಚನ್ನಪಟ್ಟಣದ ಮರದ ಬಳೆಯನ್ನೇ ತಗೊಳ್ಳಿ. ಹಾಲೆ ಮರ, ಮೇಲೆ ಬಣ್ಣದ ಅರಗು. ನನ್ನ ಕಣ್ಣಿಗೆ ಅದಕ್ಕಿಂತ ಹಸಿರು ಒಡವೆ ಸಿಗುವುದು ಕಷ್ಟ. ಆದರೆ ಅರಗು ಬರುವುದು ಹುಳುವಿನಿಂದ. ಪ್ರಾಣಿಜನ್ಯ ಏನೂ ಬೇಡ ಅನ್ನುವ ಪಮೇಲಾ ಅಂಥವರು ಅದನ್ನು ಒಪ್ಪದೇ ಇರಬಹುದು. ನಟಿಯ ಮೌಲ್ಯವೂ ನಿಮ್ಮದೂ ಒಂದೇ ಆಗಿರಬೇಕಿಲ್ಲ.

ಕಾನೂನು ನಿಮ್ಮ ಪರವಾಗಿದೆ. ಅಮೆರಿಕದ ವ್ಯಾಪಾರ ಆಯೋಗ 2019ರಲ್ಲೇ ಎಂಟು ಕಂಪನಿಗಳಿಗೆ ವಜ್ರದ ಜಾಹೀರಾತುಗಳ ಬಗ್ಗೆ ಎಚ್ಚರಿಕೆ ಪತ್ರ ಬರೆದು, ‘ಪರಿಸರಸ್ನೇಹಿ’ ಅಂತ ಸಾರಾಸಗಟಾಗಿ ಹೇಳುವ ಮುಂಚೆ ಆಧಾರ ಇಟ್ಟುಕೊಳ್ಳಿ ಎಂದಿತು. ನಮ್ಮಲ್ಲಿ 2024ರ ಅಕ್ಟೋಬರ್‌ನಲ್ಲಿ ಬಂದ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ‘ಹಸಿರು’, ‘ಪರಿಸರಸ್ನೇಹಿ’ ಎಂದರೆ ಹೇಗೆ ಎಂದು ವಿವರಿಸಬೇಕು, ಪುರಾವೆ ಇರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ದಾರಿ ತಪ್ಪಿಸುವ ಜಾಹೀರಾತಿನಲ್ಲಿ ನಟಿಸಿದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅವಕಾಶವಿದೆ. ತಪ್ಪು ಮರುಕಳಿಸಿದರೆ 50 ಲಕ್ಷದವರೆಗೆ. ವಿಚಾರಿಸಿ ನೋಡಿಯೇ ಒಪ್ಪಿಕೊಂಡಿದ್ದೆ ಎಂದು ತೋರಿಸಿದರೆ ಮಾತ್ರ ವಿನಾಯಿತಿ.

ಅಂಗಡಿಯಲ್ಲಿ ಏನು ಕೇಳಬೇಕು? ಹರಳನ್ನು ಎಲ್ಲಿ, ಯಾವ ವಿದ್ಯುತ್ತಿನಲ್ಲಿ ಬೆಳೆಸಿದ್ದು. ಬಂಗಾರ ಹೊಸದೋ, ಹಳೆಯದು ಕರಗಿಸಿದ್ದೋ. ಇದನ್ನು ಹೊರಗಿನವರು ಯಾರಾದರೂ ಪರೀಕ್ಷಿಸಿದ್ದಾರಾ. ಕಳೆದ ವರ್ಷ ಒಂದು ಅಂಗಡಿಯಲ್ಲಿ ಇದನ್ನೇ ಕೇಳಿದೆ. ಮಾರುವ ಹುಡುಗಿ ಪಾಪ, ಗೋಡೆಯ ಮೇಲಿದ್ದ ನಟಿಯ ಫೋಟೋ ತೋರಿಸಿ ‘ಮೇಡಂ, ಇವರೇ ಹಾಕ್ಕೊಂಡಿದ್ದಾರಲ್ಲ’ ಅಂದಳು. ಅವಳಿಗೆ ಯಾರೂ ಬೇರೆ ಉತ್ತರ ಹೇಳಿಕೊಟ್ಟಿರಲಿಲ್ಲ. ನಾನು ಕೊಳ್ಳದೆ ಬಂದೆ.

ಮದುವೆ ಒಡವೆ ಅಂದಿರಿ, ಹಾಗಾಗಿ ಇನ್ನೊಂದು ಮಾತು. ಲ್ಯಾಬ್ ವಜ್ರದ ಬೆಲೆ ಈಚಿನ ವರ್ಷಗಳಲ್ಲಿ ತುಂಬಾ ಇಳಿದಿದೆ. ಮಾರಲು ಹೋದರೆ ಕೊಟ್ಟಷ್ಟು ಸಿಗುತ್ತದೆ ಅಂತ ಎಣಿಸಬೇಡಿ. ಕಷ್ಟಕಾಲಕ್ಕೆ ಅಡ ಇಟ್ಟರೂ ಬ್ಯಾಂಕಿನವರು ಹರಳಿನ ತೂಕ ಕಳೆದು ಬಂಗಾರವನ್ನಷ್ಟೇ ಲೆಕ್ಕಕ್ಕೆ ತಗೊಳ್ಳುತ್ತಾರೆ. ಮಗಳ ಆಸೆಗೆ ಒಂದು ಸಣ್ಣ ಹರಳಿನ ಉಂಗುರ ಕೊಡಿಸಿ, ಸಂತೋಷ. ಉಳಿದದ್ದಕ್ಕೆ ಮೊದಲು ಮನೆಯ ಬೀರು ತೆಗೆದು ನೋಡಿ.

ಹಳೆಯದನ್ನು ಮುರಿಸಿ ಹೊಸದು ಮಾಡಿಸುವುದು ನಮ್ಮ ಮನೆಗಳಲ್ಲಿ ಯಾವ ಜಾಹೀರಾತೂ ಇಲ್ಲದೆ ನಡೆದುಬಂದದ್ದು. ಬಂಗಾರದ ಪುಡಿ ಕೂಡ ನಮ್ಮಲ್ಲಿ ಹಾಳಾಗುವುದಿಲ್ಲ. ಅಕ್ಕಸಾಲಿಗರ ಅಂಗಡಿಗಳ ಮುಂದಿನ ಧೂಳನ್ನು ಗುಡಿಸಿ, ತೊಳೆದು, ಅದರಲ್ಲಿ ಸಿಗುವ ಚೂರುಪಾರು ಬಂಗಾರದಲ್ಲೇ ಹೊಟ್ಟೆ ಹೊರೆಯುವವರಿದ್ದಾರೆ. ನನ್ನ ಮದುವೆಗೆ ಅಮ್ಮ ಅಜ್ಜಿಯ ಎರಡು ಬಳೆ ಮುರಿಸಿ ಜುಮುಕಿ ಮಾಡಿಸಿದರು. ಅವು ಈಗಲೂ ನನ್ನ ಕಿವಿಯಲ್ಲಿವೆ.

ನೀವೂ ಮುರಿಸುವುದಾದರೆ, ಕರಗಿಸುವ ಮುಂಚೆ ಹರಳು, ಅರಗು ಎಲ್ಲ ಬಿಡಿಸಿ ನಿಮ್ಮೆದುರಿಗೇ ತೂಕ ಹಾಕಿಸಿ. ಶುದ್ಧತೆ ಎಷ್ಟು ಬಂತು, ಸವಕಳಿ ಎಷ್ಟು ಕಳೆದರು, ಮಜೂರಿ ಎಷ್ಟು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಬಿಡಿಸಿದ ಹರಳು ಕೇಳಿ ವಾಪಸ್ ತಗೊಳ್ಳಿ. ಮಗಳ ಉಂಗುರಕ್ಕೆ ಅದರಲ್ಲೇ ಒಂದು ಒಪ್ಪಲೂಬಹುದು.