ಹಿತ್ತಲ ಕೋಳಿಯ ಲೆಕ್ಕದಲ್ಲಿ ಗಿಡುಗನ ಪಾಲೆಷ್ಟು?

ಹಳ್ಳಿಯಲ್ಲಿ ನಾಟಿಕೋಳಿ ಸಾಕಿದ ಯಾರನ್ನಾದರೂ ಕೇಳಿ ನೋಡಿ. ಹನ್ನೆರಡು ಮೊಟ್ಟೆ ಇಟ್ಟು ಹೇಂಟೆಯನ್ನು ಕಾವಿಗೆ ಕೂರಿಸುತ್ತಾರೆ. ಎಂಟೋ ಒಂಬತ್ತೋ ಮರಿಯಾಗುತ್ತವೆ. ತಿಂಗಳು ಕಳೆಯುವಷ್ಟರಲ್ಲಿ ನಾಲ್ಕೈದು ಉಳಿದಿರುತ್ತವೆ. ಸಾರಿಗೆ ಬರುವ ಹೊತ್ತಿಗೆ ಎರಡೋ ಮೂರೋ. ಮಿಕ್ಕವು ಎಲ್ಲಿ ಹೋದವು ಅಂದರೆ ಥಟ್ ಅಂತ ಉತ್ತರ ಬರುತ್ತದೆ: "ಎಲ್ಲಾ ಗಿಡುಗ ಹೊತ್ಕೊಂಡು ಹೋಯ್ತು."

ಗಿಡುಗ ಹೊತ್ತುಕೊಂಡು ಹೋಗುವುದು ಸುಳ್ಳಲ್ಲ. ಆದರೆ ಅದು ಹಾಡಹಗಲಲ್ಲಿ, ಎಲ್ಲರ ಎದುರಿಗೆ ಬಂದು ಎತ್ತುತ್ತದೆ. ಕೂಗಾಟ, ಕಲ್ಲೆಸೆತ ಎಲ್ಲ ನಡೆಯುತ್ತದೆ. ಹಾಗಾಗಿ ಅದು ನೆನಪಲ್ಲಿ ಉಳಿಯುತ್ತದೆ. ಸದ್ದಿಲ್ಲದೆ ಹೋದ ಮರಿಗಳ ಲೆಕ್ಕವೂ ಅದರ ಖಾತೆಗೇ ಸೇರಿಬಿಡುತ್ತದೆ. ಈ ಲೆಕ್ಕವನ್ನು ಒಮ್ಮೆ ಮೊಟ್ಟೆಯಿಂದಲೇ ಶುರುಮಾಡಿ ನೋಡಬೇಕು.

ನಾಟಿ ಹೇಂಟೆ ಹತ್ತು ಹದಿನೈದು ಮೊಟ್ಟೆ ಇಟ್ಟ ಮೇಲೆ ಕಾವಿಗೆ ಬರುತ್ತದೆ. ಅಷ್ಟು ಹೊತ್ತಿಗೆ ಮೊದಲ ಮೊಟ್ಟೆ ಇಟ್ಟು ಎರಡು ವಾರ ಮೀರಿರುತ್ತದೆ. ಆದರೂ 21 ದಿನ ಕಾವು ಕೊಟ್ಟ ಮೇಲೆ ಎಲ್ಲ ಮರಿಗಳೂ ಹೆಚ್ಚುಕಡಿಮೆ ಒಟ್ಟಿಗೇ ಹೊರಬರುತ್ತವೆ. ಮೊದಲ ಮೊಟ್ಟೆಯ ಮರಿ ಎರಡು ವಾರ ಮುಂಚೆ ಯಾಕೆ ಬರುವುದಿಲ್ಲ? ಯಾಕೆಂದರೆ ಕಾವು ಸಿಗುವ ತನಕ ಒಳಗಿನ ಭ್ರೂಣ ಬೆಳೆಯದೆ ಕಾಯುತ್ತದೆ. ಸುಮಾರು 20 ಡಿಗ್ರಿಗಿಂತ ತಣ್ಣಗಿದ್ದರೆ ಬೆಳವಣಿಗೆ ನಿಂತೇ ಹೋಗುತ್ತದೆ. ತಾಯಿಕೋಳಿಯ ಹೊಟ್ಟೆಯಡಿ ಸಿಗುವ 37-38 ಡಿಗ್ರಿಯಲ್ಲಿ ಪೂರ್ತಿ ವೇಗದಲ್ಲಿ ನಡೆಯುತ್ತದೆ.

ಕಷ್ಟ ಇರುವುದು ನಡುವಿನ ಬಿಸಿಯಲ್ಲಿ. ಮೂವತ್ತು, ಮೂವತ್ತೈದು ಡಿಗ್ರಿ ಅಂದರೆ ಭ್ರೂಣಕ್ಕೆ ಅತ್ತ ನಿದ್ದೆಯೂ ಇಲ್ಲ, ಇತ್ತ ಎಚ್ಚರವೂ ಇಲ್ಲ. ಅರೆಬರೆ ಬೆಳೆಯಲು ಶುರುಮಾಡಿ, ಬಲವಿಲ್ಲದೆ ಅಲ್ಲೇ ಸಾಯುತ್ತದೆ. ಏಪ್ರಿಲ್ ತಿಂಗಳಲ್ಲಿ ತುಮಕೂರಲ್ಲೋ ರಾಯಚೂರಲ್ಲೋ, ಶೀಟ್ ಹೊದೆಸಿದ ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಅಕ್ಕಿ ಡಬ್ಬದಲ್ಲಿ ಕೂಡಿಟ್ಟ ಮೊಟ್ಟೆಗಳ ಗತಿ ಇದೇ. ಹುಲ್ಲಿನ ಮಾಡು, ನಾಡಹೆಂಚು ಇದ್ದ ಕಾಲದಲ್ಲಿ ಮನೆಯೊಳಗೆ ಇಷ್ಟು ಕಾವು ಇರುತ್ತಿರಲಿಲ್ಲ ಅನ್ನುವುದನ್ನೂ ನೆನಪಿಡಬೇಕು.

ಗುಡುಗಿದರೆ ಕಾವಿನ ಮೊಟ್ಟೆ ಕೆಡುತ್ತದೆ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ ಅಲ್ವಾ? ಅದಕ್ಕೇ ಬುಟ್ಟಿಯಲ್ಲಿ ಕಬ್ಬಿಣದ ಚೂರು, ಇದ್ದಿಲು, ಒಣಮೆಣಸಿನಕಾಯಿ ಇಡುತ್ತಾರೆ. ಗುಡುಗಿನ ಸದ್ದಿಗೆ ಭ್ರೂಣ ಸಾಯುವುದಿಲ್ಲ. ಆದರೆ ನಂಬಿಕೆ ಹುಟ್ಟಿದ್ದು ಸುಮ್ನೆ ಇರಲಿಕ್ಕಿಲ್ಲ ಅಂತ ನನಗೆ ಅನ್ನಿಸುತ್ತದೆ. ನಮ್ಮ ಕಡೆ ಗುಡುಗು ಜಾಸ್ತಿ ಇರುವುದು ಏಪ್ರಿಲ್-ಮೇ ತಿಂಗಳಲ್ಲಿ, ಮುಂಗಾರಿಗೆ ಮುಂಚೆ. ಬಿಸಿಲೂ ಆಗಲೇ ವಿಪರೀತ. ಮೊಟ್ಟೆ ಕೆಟ್ಟಿದ್ದನ್ನು ಅಜ್ಜಿಯರು ಸರಿಯಾಗಿಯೇ ನೋಡಿದ್ದಾರೆ. ತಪ್ಪು ಮಾತ್ರ ಗುಡುಗಿನ ಮೇಲೆ ಹೊರಿಸಿದ್ದಾರೆ, ಅಷ್ಟೆ.

ಪರಿಹಾರ ಸಲೀಸು. ಒದ್ದೆ ಮರಳಿನ ಮೇಲೆ ಮಣ್ಣಿನ ಮಡಕೆ ಇಟ್ಟು, ಮೊಟ್ಟೆಗಳನ್ನು ಅದರೊಳಗಿಡಿ. ಮರಳಿನ ತೇವ ಆರುವಾಗ ಮಡಕೆ ಹೊರಗಿಗಿಂತ ತಣ್ಣಗಾಗುತ್ತದೆ. ಇಪ್ಪತ್ತಕ್ಕೆ ಇಳಿಯದಿದ್ದರೂ ಅಡುಗೆಮನೆಯ ಡಬ್ಬಕ್ಕಿಂತ ಎಷ್ಟೋ ವಾಸಿ. ಹಳೆಯ ಮೊಟ್ಟೆಗಳನ್ನು ಮನೆಯವರು ತಿಂದು, ಕೊನೆಯ ಏಳೆಂಟು ದಿನದವನ್ನು ಮಾತ್ರ ಕಾವಿಗಿಡುವುದು ಇನ್ನೂ ಜಾಣತನ. ಯಾಕೆಂದರೆ ವಾರ ದಾಟಿದ ಮೊಟ್ಟೆ ಮರಿಯಾಗುವ ಸಾಧ್ಯತೆ ದಿನೇದಿನೇ ಕಡಿಮೆಯಾಗುತ್ತದೆ. ಕಾವಿಗಿಟ್ಟ ಏಳೆಂಟನೇ ದಿನ, ರಾತ್ರಿ ಹೊತ್ತು ಮೊಬೈಲ್ ಟಾರ್ಚಿಗೆ ಮೊಟ್ಟೆ ಹಿಡಿದು ನೋಡಿ. ಒಳಗೆ ಜೇಡ ಕಾಲು ಚಾಚಿ ಕೂತ ಹಾಗೆ ಕೆಂಪು ನರಗಳು ಕಂಡರೆ ಮರಿ ಬೆಳೆಯುತ್ತಿದೆ. ಏನೂ ಕಾಣದೆ ತಿಳಿಯಾಗಿದ್ದರೆ ಅದನ್ನು ತೆಗೆದುಬಿಡಬಹುದು.

ಇನ್ನೊಂದು ಮಾತು. ಹಬ್ಬಕ್ಕೆ ಹುಂಜ ಕೊಯ್ದುಬಿಟ್ಟೆವು, ಇನ್ನು ಮರಿಯಾಗುವುದಿಲ್ಲ ಅಂತ ಕೊರಗುವವರಿದ್ದಾರೆ. ಹೇಂಟೆಯ ಒಡಲಲ್ಲಿ ವೀರ್ಯವನ್ನು ಕಾಪಿಡುವ ಸಣ್ಣ ಸಣ್ಣ ನಾಳಗಳಿವೆ. ಹುಂಜ ಸಾರಾದ ಮೇಲೂ ಹತ್ತು ಹದಿನೈದು ದಿನ ಆತನ ಮರಿಗಳು ಹುಟ್ಟಬಹುದಾದ ಮೊಟ್ಟೆಗಳು ಬರುತ್ತಲೇ ಇರುತ್ತವೆ.

ಈಗ ಗಿಡುಗನ ವಿಷಯಕ್ಕೆ ಬರೋಣ. ಕೋಳಿಗಳು ಈ ಶತ್ರುವಿನ ಎದುರು ಪೂರ್ತಿ ಪೆದ್ದುಗಳೇನಲ್ಲ. ಆಕಾಶದಿಂದ ಬರುವ ಅಪಾಯಕ್ಕೆ ಹುಂಜ ಒಂದು ಬಗೆಯಲ್ಲಿ ಕೂಗುತ್ತದೆ, ನೆಲದಲ್ಲಿ ಬರುವ ಅಪಾಯಕ್ಕೆ ಇನ್ನೊಂದು ಬಗೆಯಲ್ಲಿ. ಮೇಲೆ ಗಿಡುಗ ಕಂಡರೆ ಸಣ್ಣಗೆ, ಉದ್ದಕ್ಕೆ ಎಳೆದ ದನಿ. ಆ ದನಿ ಎಲ್ಲಿಂದ ಬಂತು ಅಂತ ಪತ್ತೆಹಚ್ಚುವುದೇ ಕಷ್ಟ. ನಾಯಿಯೋ ಮುಂಗುಸಿಯೋ ಕಂಡರೆ ಕಟ್ ಕಟ್ ಕಟಾಕ್ ಅಂತ ಊರಿಗೆಲ್ಲ ಕೇಳುವ ಗಲಾಟೆ. ಪೀಟರ್ ಮಾರ್ಲರ್ ಮತ್ತು ಕ್ರಿಸ್ಟೋಫರ್ ಇವಾನ್ಸ್ ಎಂಬ ವಿಜ್ಞಾನಿಗಳು 1990ರ ದಶಕದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಗಿಡುಗವೂ ಇಲ್ಲ, ನಾಯಿಯೂ ಇಲ್ಲ, ಬರೀ ಧ್ವನಿಮುದ್ರಣ ಕೇಳಿಸಿದರು. ಮೊದಲ ಕೂಗಿಗೆ ಹೇಂಟೆಗಳು ಮರೆಗೆ ಓಡಿ, ಮುದುಡಿ ಕೂತು, ಕತ್ತು ಓರೆಮಾಡಿ ಮೇಲೆ ನೋಡಿದವು. ಎರಡನೆಯದಕ್ಕೆ ನೆಟ್ಟಗೆ ನಿಂತು ಸುತ್ತಮುತ್ತ ಕಣ್ಣಾಡಿಸಿದವು. ಇನ್ನೊಂದು ತಮಾಷೆ ಏನೆಂದರೆ, ಪಕ್ಕದಲ್ಲಿ ಹೇಂಟೆ ಇದ್ದಾಗ ಹುಂಜ ಹೀಗೆ ಕೂಗಿ ಎಚ್ಚರಿಸುವುದು ಜಾಸ್ತಿ. ಒಂಟಿಯಾಗಿದ್ದರೆ ಬಾಯಿ ಮುಚ್ಚಿಕೊಂಡಿರುವುದೇ ಹೆಚ್ಚು.

ಅಂದಮೇಲೆ ಹಿತ್ತಲಲ್ಲಿ ಎರಡು ಇರಬೇಕು. ಒಂದು, ಕೂಗಿ ಎಚ್ಚರಿಸುವ ದೊಡ್ಡ ಹುಂಜ. ಇನ್ನೊಂದು, ಓಡಿಹೋಗಿ ಸೇರಿಕೊಳ್ಳಲು ಮರೆ. ದುಡ್ಡು ಬರುತ್ತದೆ ಅಂತ ಎಲ್ಲ ಹುಂಜಗಳನ್ನೂ ಮಾರಿ, ಅಂಗಳಕ್ಕೆಲ್ಲ ಸಿಮೆಂಟ್ ಹಾಕಿಸಿ, ಗಿಡಗಂಟಿ ತೆಗೆಸಿದ ಮನೆಯ ಮರಿಗಳಿಗೆ ಎರಡೂ ಇಲ್ಲ. ದಾಸವಾಳದ ಪೊದೆ, ತೊಗರಿ ಸಾಲು, ಹಳೇ ಮಂಚ, ಒರಗಿಸಿಟ್ಟ ತೆಂಗಿನ ಗರಿ, ಏನಾದರೂ ಸರಿ. ಮರಿ ಓಡಿ ಮುಟ್ಟುವಷ್ಟು ಹತ್ತಿರ ಇರಬೇಕು, ಅಷ್ಟೆ. ಮುಂಗುಸಿ, ಕಾಡುಬೆಕ್ಕಿನ ವಿಚಾರದಲ್ಲಿ ವಿಜ್ಞಾನ ಹೇಳುವುದು ಕಡಿಮೆ, ಬಡಗಿ ಹೇಳುವುದು ಜಾಸ್ತಿ. ಗೂಡಿನ ಬಾಗಿಲು ಬಿಗಿಯಾಗಿರಲಿ, ಬುಡದಲ್ಲಿ ಸಂದಿ ಇಲ್ಲದಿರಲಿ.

ಗಿಡುಗನಿಗೆ ಹೆದರಿ ತಾಯಿ ಮರಿಗಳನ್ನು ಇಡೀ ದಿನ ಮಂಕರಿ ಕೆಳಗೆ ಮುಚ್ಚುವವರಿದ್ದಾರೆ. ಅಲ್ಲಿ ಇನ್ನೊಂದು ಅಪಾಯ ಕಾದಿರುತ್ತದೆ. ಮೂರರಿಂದ ಆರು ವಾರದ ಮರಿಗಳು ರೆಕ್ಕೆ ಜೋತುಬಿಟ್ಟು, ಮುದುಡಿ ಕೂತು, ಹಿಕ್ಕೆಯಲ್ಲಿ ರಕ್ತ ಹಾಕುವುದನ್ನು ನೀವು ನೋಡಿರಬಹುದು. ಇದು ಐಮೀರಿಯಾ ಎಂಬ ಏಕಕೋಶ ಜೀವಿಯ ಕೆಲಸ. ಕರುಳಿನ ಒಳಪದರದಲ್ಲಿ ಅದು ಲಕ್ಷಗಟ್ಟಲೆ ಹೆಚ್ಚಿ, ಹಿಕ್ಕೆಯ ಜೊತೆ ಗಟ್ಟಿ ಕವಚದ ಬೀಜಗಳ ರೂಪದಲ್ಲಿ ಹೊರಬರುತ್ತದೆ. ಹೊರಬಂದ ಕೂಡಲೇ ಅದನ್ನು ತಿಂದರೆ ರೋಗ ಬರುವುದಿಲ್ಲ. ತೇವ, ಬೆಚ್ಚನೆ ಹವೆ, ಗಾಳಿ ಈ ಮೂರೂ ಸಿಕ್ಕಿ ಒಂದೆರಡು ದಿನ ಹಣ್ಣಾದ ಮೇಲಷ್ಟೇ ಅದು ಅಪಾಯಕಾರಿ.

ಆ ಒಂದೆರಡು ದಿನವೇ ನಮಗೆ ಸಿಗುವ ಅವಕಾಶ. ದಿನಾ ಗುಡಿಸಿದರೆ, ನೆಲ ಒಣಗಿದ್ದರೆ ಅದು ಹಣ್ಣಾಗುವುದೇ ಇಲ್ಲ. ಮಂಕರಿಯನ್ನು ದಿನಾ ಒಂದೇ ಜಾಗದಲ್ಲಿ ಕವುಚಿ, ಒಳಗೆ ನೀರಿನ ಚಿಪ್ಪು ಉರುಳಿ ನೆಲ ಒದ್ದೆಯಾಗಿದ್ದರೆ ಮಾತ್ರ ಅದಕ್ಕೆ ಹಬ್ಬ. ದಿನಕ್ಕೊಂದು ಕಡೆ ಮಂಕರಿ ಹಾಕುವುದು, ನೀರನ್ನು ಇಟ್ಟಿಗೆ ಮೇಲೆ ಎತ್ತರಿಸಿ ಇಡುವುದು, ಭತ್ತದ ಹೊಟ್ಟು ಹರಡುವುದು ಇವಿಷ್ಟೇ ಔಷಧಿ. ಹಾಗಂತ ಡೆಟಾಲ್ ಹಾಕಿ ತೊಳೆಯಲು ಹೋಗಬೇಡಿ. ಆ ಕವಚಕ್ಕೆ ಮನೆಯಲ್ಲಿರುವ ಫಿನಾಯಿಲು, ಡೆಟಾಲು ಯಾವುದೂ ನಾಟುವುದಿಲ್ಲ, ನೆಲ ಒದ್ದೆಯಾಗುವುದೇ ಲಾಭ. ಅಲ್ಲದೆ ಮರಿಗಳು ಸ್ವಲ್ಪ ಸ್ವಲ್ಪ ನುಂಗುತ್ತಾ ಬೆಳೆದರೆ ಅವುಗಳಿಗೇ ತಡೆಯುವ ಶಕ್ತಿ ಬರುತ್ತದೆ. ಅಂಗಳದಲ್ಲಿ ಓಡಾಡಿಕೊಂಡ ಮರಿಗಳಿಗೆ ಈ ಕಾಟ ಕಡಿಮೆ ಇರುವುದು ಇದಕ್ಕೇ. ರಕ್ತ ಕಂಡುಬಿಟ್ಟರೆ ಮಾತ್ರ ತಡ ಮಾಡದೆ ಪಶು ಆಸ್ಪತ್ರೆಗೆ ಹೋಗಿ. ನೀರಿಗೆ ಹಾಕುವ ಆಂಪ್ರೋಲಿಯಂ ಅಂತ ಔಷಧಿ ಇದೆ, ಬೇಗ ಕೊಟ್ಟರೆ ಕೆಲಸ ಮಾಡುತ್ತದೆ.

ಹೇನು, ನುಸಿಯ ಬಗ್ಗೆ ಎರಡೇ ಮಾತು. ಕಾವಿಗೆ ಕೂತ ಕೋಳಿ ಮಧ್ಯದಲ್ಲೇ ಎದ್ದುಬಿಟ್ಟರೆ ಅದಕ್ಕೆ ಹಟ ಅಂತ ಬಯ್ಯುವ ಮೊದಲು ಬುಟ್ಟಿ ನೋಡಿ. ಹಗಲು ಮರದ ಸಂದಿಯಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರುವ ಕೆಂಪು ನುಸಿ ಇದ್ದರೆ ಯಾವ ತಾಯಿಯೂ ಕೂರುವುದಿಲ್ಲ. ಒಲೆಬೂದಿ, ಒಣಮಣ್ಣಿನ ಗುಂಡಿ ಒಂದಿದ್ದರೆ ಕೋಳಿ ತಾನೇ ಹೊರಳಾಡಿ ಹೇನಿನ ಕಾಟ ಕಡಿಮೆ ಮಾಡಿಕೊಳ್ಳುತ್ತದೆ.

ಇಷ್ಟೆಲ್ಲ ದಾಟಿ ಬೆಳೆದ ಕೋಳಿಗಳನ್ನು ಒಂದೇ ವಾರದಲ್ಲಿ ಗುಡಿಸಿಹಾಕುವುದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಜಾವಾ ದ್ವೀಪದಲ್ಲೂ ಇದು ಗುರುತಿಗೆ ಬಂತು. ಅದಾದ ಸ್ವಲ್ಪದರಲ್ಲೇ ಕುಮಾವೂ ಬೆಟ್ಟಗಳ ರಾಣಿಖೇತ್ ಊರಲ್ಲಿ ಕಾಣಿಸಿಕೊಂಡಿತು. ಹಸಿರು ಬೇಧಿ, ಬಾಯಿ ತೆರೆದು ಎಳೆಯುವ ಉಸಿರು, ಕೊನೆಗೆ ಕತ್ತು ತಿರುಚಿಕೊಂಡು ಗಿರಗಿರ ಸುತ್ತುವುದು. ಇದು ವೈರಸ್. ಬಂದ ಮೇಲೆ ಔಷಧಿಯೇ ಇಲ್ಲ. ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಮಾತ್ರೆ ಪುಡಿಮಾಡಿ ಕುಡಿಸುವುದು, ಬೆಳ್ಳುಳ್ಳಿ ಈರುಳ್ಳಿ ಅರೆದು ಹಾಕುವುದು, ಎಲ್ಲ ನಮ್ಮ ಸಮಾಧಾನಕ್ಕೆ.

ನಮ್ಮಲ್ಲಿ ಇದರ ಹಾವಳಿ ಬೇಸಿಗೆಯಲ್ಲಿ ಜೋರು. ಬಿಸಿಲಿಗೆ ಕೋಳಿ ಸೋತಿರುವುದು ಒಂದು ಕಾರಣ ಇರಬಹುದು. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಕಾರಣ ಯುಗಾದಿ ಮರುದಿನದ ಹೊಸತೊಡಕು, ಆಮೇಲೆ ಸಾಲಾಗಿ ಬರುವ ಮಾರಮ್ಮನ ಹಬ್ಬಗಳು. ಆ ದಿನಗಳಲ್ಲಿ ಸಂತೆಯಿಂದ ಊರಿಗೆ, ಊರಿಂದ ನೆಂಟರ ಮನೆಗೆ ಎಷ್ಟು ಕೋಳಿ ಓಡಾಡುತ್ತವೆ ನೋಡಿ. ವೈರಸ್ ಒಳಹೊಕ್ಕ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ಐದಾರು ದಿನ ಬೇಕು. ಅಷ್ಟರಲ್ಲಿ ನೋಡಲು ಗಟ್ಟಿಮುಟ್ಟಾಗಿರುವ ಕೋಳಿ ರೋಗ ಹಂಚಿಕೊಂಡು ತಿರುಗುತ್ತಿರುತ್ತದೆ. ಒಂದೆರಡು ಸತ್ತ ಕೂಡಲೇ ಜನ ಉಳಿದವನ್ನು ಸಂತೆಗೆ ಸಾಗಿಸುತ್ತಾರೆ. ಕಾಸು ಹೋಗಬಾರದಲ್ಲ! ಅಲ್ಲಿಂದ ಅದು ಇನ್ನಷ್ಟು ಊರಿಗೆ.

ಲಸಿಕೆ ಇಲ್ಲವೇ? ಇದೆ, ಹಳೆಯದು, ಚೆನ್ನಾಗಿಯೂ ಇದೆ. ರಾಣಿಖೇತ್‌ಗೆ ದೂರವಲ್ಲದ ಮುಕ್ತೇಶ್ವರದ ಪ್ರಯೋಗಾಲಯದಲ್ಲಿ 1940ರ ದಶಕದಲ್ಲೇ ಈ ವೈರಸ್ಸನ್ನು ಮೊಟ್ಟೆಯಿಂದ ಮೊಟ್ಟೆಗೆ ದಾಟಿಸುತ್ತಾ ಪಳಗಿಸಿ ಲಸಿಕೆ ಮಾಡಿದರು. ಆರ್‌2ಬಿ ಅಂತ ಈಗಲೂ ಎಂಟು ಹತ್ತು ವಾರದ ಕೋಳಿಗೆ ರೆಕ್ಕೆಯಡಿ ಚುಚ್ಚುವುದು ಅದನ್ನೇ. ಎಳೆಮರಿಗೆ ಅದು ಖಾರ ಜಾಸ್ತಿ. ಹಾಗಾಗಿ ಐದರಿಂದ ಏಳನೇ ದಿನಕ್ಕೆ ಕಣ್ಣಿಗೋ ಮೂಗಿಗೋ ಒಂದು ಹನಿ ಸೌಮ್ಯವಾದ ಎಫ್ ಅಥವಾ ಲಸೋಟಾ ಲಸಿಕೆ ಹಾಕುತ್ತಾರೆ.

ತೊಡಕು ಬೇರೆ ಕಡೆ ಇದೆ. ಲಸಿಕೆಯ ಒಂದು ಸೀಸೆಯಲ್ಲಿ ನೂರೋ ಇನ್ನೂರೋ ಕೋಳಿಗೆ ಆಗುವಷ್ಟು ಇರುತ್ತದೆ. ಮಂಜುಗಡ್ಡೆ ಜೊತೆ ತರಬೇಕು. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಸಾವಿರ ಕೋಳಿಯ ಶೆಡ್ಡಿಗೆ ಇದೆಲ್ಲ ಹೇಳಿ ಮಾಡಿಸಿದ್ದು. ಅಲ್ಲಿ ಎಲ್ಲವೂ ಒಂದೇ ದಿನ ಹುಟ್ಟಿದ ಕೋಳಿಗಳು. ನಮ್ಮ ಕೆಂಪಮ್ಮನಿಗೋ ಫಾತಿಮಾಬಿಗೋ ಇರುವುದು ಹನ್ನೆರಡು ಕೋಳಿ, ಅವು ನಾಲ್ಕು ವಯಸ್ಸಿನವು. ಒಂದು ತಾಯಿ ಮರಿ ಮಾಡಿದ ಮೇಲೆ ಇನ್ನೊಂದು ಕೂರುತ್ತದೆ. ಅಂಗಳದಲ್ಲಿ ಲಸಿಕೆ ಕಾಣದ ಮರಿ ಯಾವಾಗಲೂ ಇದ್ದೇ ಇರುತ್ತದೆ. ಬಡವರ ಕೋಳಿ ಸಾಯುವುದು ಅಜ್ಞಾನದಿಂದ ಅಂತ ಭಾಷಣ ಮಾಡುವವರು ಈ ಸೀಸೆಯ ಅಳತೆಯನ್ನು ಒಮ್ಮೆ ನೋಡಬೇಕು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಸ್ಪ್ರಾಡ್‌ಬ್ರೋ ಎಂಬ ವಿಜ್ಞಾನಿ ಈ ಅಳತೆಯ ಸಮಸ್ಯೆಯನ್ನೇ ಕೈಗೆತ್ತಿಕೊಂಡರು. ಬಿಸಿಗೆ ಬೇಗ ಕೆಡದ, ಎಲ್ಲ ವಯಸ್ಸಿನ ಕೋಳಿಗೂ ಒಂದೇ ಹನಿ ಹಾಕಬಹುದಾದ ಐ-2 ಎಂಬ ಲಸಿಕೆ ಹೀಗೆ ಬಂತು. ಒಣ ಪುಡಿಯ ರೂಪದಲ್ಲಿ ಅದು ನೆರಳಲ್ಲಿದ್ದರೆ ಫ್ರಿಜ್ ಇಲ್ಲದೆಯೂ ಕೆಲವು ವಾರ ಬದುಕುತ್ತದೆ. ತಾಂಜಾನಿಯಾ, ಮೊಜಾಂಬಿಕ್‌ನ ಹಳ್ಳಿಗಳಲ್ಲಿ ತರಬೇತಾದ ಊರಿನವರೇ ನಾಲ್ಕು ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ಕಣ್ಣಿಗೆ ಹನಿ ಹಾಕುತ್ತಾರೆ.

ನಮ್ಮಲ್ಲಿ ಸಿಗುವ ಲಸಿಕೆಯಲ್ಲೂ ಇದನ್ನು ಮಾಡಬಹುದು. ಒಂದು ಬೀದಿಯವರು ಸೇರಿ ಒಂದು ದಿನ ಗೊತ್ತುಮಾಡಿಕೊಂಡರೆ ನೂರು ಕೋಳಿ ಸುಲಭವಾಗಿ ಸಿಗುತ್ತವೆ. ಸ್ವಸಹಾಯ ಸಂಘಗಳಿವೆ, ಪಶುಸಖಿಯರಿದ್ದಾರೆ. ಬೆಳಗಿನ ಜಾವ, ಕೋಳಿಗಳು ಗೂಡಲ್ಲಿ ಇರುವಾಗಲೇ ಹಿಡಿಯಬೇಕು. ಬಾಗಿಲು ತೆಗೆದ ಮೇಲೆ ನಾಟಿಕೋಳಿ ಹಿಡಿಯಲು ಹೋದವರ ಪಾಡು ಬಲ್ಲವರೇ ಬಲ್ಲರು. ನೀರಲ್ಲಿ ಕಲಸಿ ಕುಡಿಸುವ ಲಸಿಕೆಯಾದರೆ ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ. ಆ ನೀರು ಲಸಿಕೆಯ ವೈರಸ್ಸನ್ನೇ ಕೊಂದುಬಿಡುತ್ತದೆ. ಮತ್ತು ಈಗಾಗಲೇ ಮಂಕಾಗಿರುವ ಕೋಳಿಗೆ ಲಸಿಕೆ ಹಾಕಬೇಡಿ.

ಕೋಳಿಗಳ ಜೊತೆ ಕಾಗೆಗಳೂ ಸಾಯುತ್ತಿದ್ದರೆ, ಅಥವಾ ಒಂದೆರಡು ದಿನದಲ್ಲಿ ಹಿಂಡೇ ಬಿದ್ದುಹೋದರೆ ಅದು ಹಕ್ಕಿಜ್ವರ ಇರಬಹುದು. 2006ರಲ್ಲಿ ಮಹಾರಾಷ್ಟ್ರದ ನವಾಪುರಕ್ಕೆ, 2012ರಲ್ಲಿ ಬೆಂಗಳೂರಿನ ಪಕ್ಕದ ಹೆಸರಘಟ್ಟಕ್ಕೆ ಅದು ಬಂದಿತ್ತು. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಬೇಕು.

ಹೊಸದಾಗಿ ತಂದ ಕೋಳಿಯನ್ನು ಎರಡು ವಾರ ಬೇರೆ ಇಡಿ ಅಂತ ಎಲ್ಲ ಕೈಪಿಡಿಗಳೂ ಹೇಳುತ್ತವೆ. ಸಾಕಲು ತಂದದ್ದಾದರೆ ಇಡಬಹುದು. ನಾಳೆ ಬೆಳಗ್ಗೆ ಕೊಯ್ಯಲು ತಂದ ಹಬ್ಬದ ಕೋಳಿಯನ್ನು ಯಾರು ಎರಡು ವಾರ ಇಡುತ್ತಾರೆ? ಅದನ್ನು ನಮ್ಮ ಕೋಳಿಗಳ ಹತ್ತಿರ ಬಿಡದೆ ದೂರ ಕಟ್ಟಿದರೆ ಸಾಕು ಅಂದುಕೊಳ್ಳುತ್ತೇವೆ. ಸಾಲದು. ಕೊಯ್ದ ಮೇಲೆ ಪುಕ್ಕ, ಕರುಳು ತಿಪ್ಪೆಗೆ ಬೀಳುತ್ತವೆ. ತೊಳೆದ ನೀರು ಹಿತ್ತಲಿಗೆ ಹರಿಯುತ್ತದೆ. ಐದು ನಿಮಿಷದಲ್ಲಿ ಮನೆಯ ಕೋಳಿಗಳೆಲ್ಲ ಅಲ್ಲಿ ಕೆದಕುತ್ತಿರುತ್ತವೆ. ವೈರಸ್ ಆ ಕರುಳಲ್ಲೂ ಇರುತ್ತದೆ, ಆ ನೀರಲ್ಲೂ ಇರುತ್ತದೆ. ಹಬ್ಬದ ದಿನ ಕೋಳಿ ಕೊಯ್ಯುವ ಮೊದಲು ಮೊಣಕಾಲುದ್ದದ ಗುಂಡಿ ತೋಡಿಕೊಳ್ಳಿ. ಪುಕ್ಕ, ಕರುಳು, ತೊಳೆದ ನೀರು ಎಲ್ಲ ಅದಕ್ಕೇ ಹಾಕಿ ಮಣ್ಣು ಮುಚ್ಚಿ. ಮನೆಯ ಕೋಳಿಗಳ ಗೂಡಿನ ಬಾಗಿಲು ತೆಗೆಯುವುದು ಆಮೇಲೆ.